ಪದ ಬೇಕು: ಸೈಕಲ್ ಸವಾರಿಯ 'ಡ್ರಾಫ್ಟಿಂಗ್' (ಶುಕ್ರವಾರದೊಳಗೆ)

ಎಲ್ಲರಿಗೂ ನಮಸ್ಕಾರ.

ಒಂದು ಪದ ತುರ್ತಾಗಿ ಬೇಕಾಗಿದೆ. ನಮ್ಮ ಸೈಕಲ್ ಕ್ಲಬ್ಬಿಗೆ ಈಚೆಗೆ ಹೊಸಬರು ಜಾಸ್ತಿ ಬರುತ್ತಿದ್ದಾರೆ. ಅವರಿಗೆ ಕೊಡಲು ಒಂದು ಪುಟದ ಸೂಚನೆಯನ್ನು ಕನ್ನಡದಲ್ಲಿ ಮಾಡುತ್ತಿದ್ದೇನೆ. ಶುಕ್ರವಾರ ಸಂಜೆ ಅಚ್ಚಿಗೆ ಹೋಗಬೇಕು. ಭಾನುವಾರ ಬೆಳಿಗ್ಗೆ ಐದೂವರೆಗೆ ಎಲ್ಲರ ಕೈಯಲ್ಲಿರಬೇಕು.

ಬೇರೆಲ್ಲ ಸಲೀಸಾಗಿ ಬಂತು. ಗುಂಡಿ, ಹಂಪ್, ಜಲ್ಲಿ, ನಾಯಿ, ನಿಧಾನ – ಇವನ್ನು ನಾವು ದಾರಿಯಲ್ಲಿ ದಿನಾ ಕೂಗುತ್ತೇವೆ. ನಿಂತದ್ದು 'ಡ್ರಾಫ್ಟಿಂಗ್' ಹತ್ತಿರ. ಮುಂದಿನವರ ಬೆನ್ನ ಹಿಂದೆ, ಅವರ ಚಕ್ರಕ್ಕೆ ಹತ್ತಿರವಾಗಿ ಸೈಕಲ್ ತುಳಿಯುವುದು. ಗಾಳಿ ಸೀಳುವ ಕೆಲಸ ಅವರದು, ನಮಗೆ ಎಷ್ಟೋ ಹೊರೆ ಇಳಿದ ಹಾಗೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಹೋಗುವವರ ಶಕ್ತಿಯಲ್ಲಿ ಹೆಚ್ಚಿನ ಪಾಲು ಗಾಳಿಗೇ ಹೋಗುತ್ತದೆ. ಬೆಟ್ಟ ಹತ್ತುವಾಗ ಈ ಲಾಭ ಅಷ್ಟಿಲ್ಲ, ವೇಗವೇ ಇರುವುದಿಲ್ಲವಲ್ಲ. ಆದರೆ ಆಷಾಢದಲ್ಲಿ ಹುಣಸೂರು ರಸ್ತೆಗೆ ಬಂದು ನೋಡಿ.

'ಡ್ರಾಫ್ಟ್' ಅಂತ ಹಾಗೇ ಬರೆದರೆ ನಮ್ಮವರಿಗೆ ಬ್ಯಾಂಕಿನ ಡಿಡಿ ನೆನಪಾಗುತ್ತದೆ, ಇಲ್ಲವೇ ಕರಡು. 'ಹಿಂಬಾಲಿಸು' ಅಂದರೆ ಗಾಳಿಯ ಮಾತೇ ಬರುವುದಿಲ್ಲ.

ಇನ್ನೊಂದು ಸಣ್ಣದು. ಒಂದು ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದಕ್ಕೆ, ಅಂದರೆ 'ಕೇಡೆನ್ಸ್'ಗೆ, ಏನಾದರೂ ಇದೆಯೇ?

– ಮೈಸೂರಿನಿಂದ

*

ಮರು:

'ವಾತಾಶ್ರಯ.' ವಾತ ಎಂದರೆ ಗಾಳಿ, ಆಶ್ರಯ ಎಲ್ಲರಿಗೂ ಗೊತ್ತು. ಸವರ್ಣದೀರ್ಘ, ಮುಗಿಯಿತು. ತೆಲುಗಿನವರಿಗೂ ಮರಾಠಿಯವರಿಗೂ ಅರ್ಥವಾಗುತ್ತದೆ. ಎರಡನೆಯದಕ್ಕೆ 'ಪದಗತಿ'.

– ಉಡುಪಿಯಿಂದ

*

ಮರು:

ಮೈಸೂರಿನ ಹೊಸ ಸವಾರರಿಗೆ ಮರಾಠಿಯವರಿಗೆ ಅರ್ಥವಾಗುವ ಪದ ಯಾಕೆ ಬೇಕು? 'ಎಲರ್ಮರೆ' ಎನ್ನಿ. ಎಲರ್ ಎಂದರೆ ಗಾಳಿ, ನಮ್ಮದೇ ಪದ. ತೆಂಬೆಲರ್ ಇದೆ, ತಣ್ಣೆಲರ್ ಇದೆ. ಬಳಸದೆ ಇದ್ದರೆ ಸಾಯುತ್ತದೆ, ಬಳಸಿದರೆ ಉಳಿಯುತ್ತದೆ. ಕೇಡೆನ್ಸಿಗೆ 'ತುಳಿತ'. ಹಾಗೆಯೇ ಆ ಸೂಚನೆಯಲ್ಲಿ ಸೈಕಲ್ ತೆಗೆದು 'ತುಳಿಬಂಡಿ' ಹಾಕಿ, ಕ್ಲಬ್ ತೆಗೆದು 'ಕೂಟ' ಹಾಕಿ.

– ಹಾಸನದಿಂದ

*

ಮರು:

ಎಲರ್ ಬೇಡ. ಗಾಳಿಯೂ ಕನ್ನಡವೇ, ಪಂಪನಲ್ಲೇ 'ತೆಂಕಗಾಳಿ' ಇದೆ. ಬದುಕಿರುವ ಪದವನ್ನು ಬಿಟ್ಟು ಇನ್ನೊಂದನ್ನು ಎಬ್ಬಿಸುವ ಕೆಲಸ ಯಾರಿಗೂ ಬೇಕಿಲ್ಲ.

ನನ್ನ ತಕರಾರು ಮರೆಯ ಮೇಲೆ. ಮರೆ ಎರಡಿವೆ: ನೆನಪು ಹೋಗುವುದು ಒಂದು, ಅಡ್ಡವಾಗಿ ನಿಲ್ಲುವುದು ಇನ್ನೊಂದು. ಎರಡಕ್ಕೂ ಹಳಗನ್ನಡದಲ್ಲಿ ಶಕಟರೇಫವೇ, ಅಂದರೆ ಈಗ ಬಿಟ್ಟುಹೋದ ಱ ಅಕ್ಷರವೇ: ಮಱೆ. ಹಾಗಾಗಿ ಬರಹದಲ್ಲಿ ಅಂದೂ ಬೇರೆಯಾಗುತ್ತಿರಲಿಲ್ಲ, ಇಂದೂ ಆಗುವುದಿಲ್ಲ. 'ಗಾಳಿಮರೆ' ಎಂದು ಅಚ್ಚು ಹಾಕಿದರೆ ಗಾಳಿಯನ್ನು ಮರೆತುಬಿಡು ಎಂದು ಓದಿಕೊಳ್ಳುವವರು ಇರುತ್ತಾರೆ.

'ತುಳಿತ' ಅಂತೂ ಆಗುವುದೇ ಇಲ್ಲ. ತುಳಿತಕ್ಕೆ ಒಳಗಾದವರು ಎಂದು ದಿನಾ ಪತ್ರಿಕೆಯಲ್ಲಿ ಓದುತ್ತೇವೆ. ಆ ಅರ್ಥ ಗಟ್ಟಿಯಾಗಿ ಕೂತಿದೆ.

– ಶಿವಮೊಗ್ಗದಿಂದ

*

ಮರು:

ಹೆದರಿಕೆಗೆ ಕಾರಣವಿಲ್ಲ. 'ಕಣ್ಮರೆ'ಯನ್ನು ಯಾರಾದರೂ ಕಣ್ಣನ್ನು ಮರೆ ಎಂದು ಓದುತ್ತಾರೆಯೇ?

ನಿಜವಾದ ತೊಡಕು ವಿಭಕ್ತಿಯದು. ಎಲೆಮರೆ ಎಂದರೆ ಎಲೆಯ ಮರೆ, ಎಲೆಯೇ ಅಡ್ಡ ನಿಂತದ್ದು. ಕಣ್ಮರೆ ಎಂದರೆ ಕಣ್ಣಿಗೆ ಮರೆ. ಗಾಳಿಮರೆ ಯಾವ ಸಾಲಿಗೆ? ಗಾಳಿ ಅಡ್ಡ ನಿಂತಿತೋ, ಗಾಳಿಗೆ ಅಡ್ಡ ನಿಂತೆವೋ? ಕಣ್ಮರೆಯ ಸಾಲಿಗೆ ಸೇರಿಸಿದರೆ ಸರಿಹೋಗುತ್ತದೆ. ಆದರೂ ನನಗೆ 'ಗಾಳಿನೆರಳು' ಇಷ್ಟ. ನಮ್ಮ ಕಡೆ ಮಕ್ಕಳು ಭೂಗೋಳದಲ್ಲಿ ಮಳೆನೆರಳಿನ ಪ್ರದೇಶ ಎಂದು ಓದುತ್ತಾರೆ. ಘಟ್ಟ ಮಳೆಗೆ ಅಡ್ಡ ನಿಂತ ಹಾಗೆ ಮುಂದಿನ ಸವಾರ ಗಾಳಿಗೆ ಅಡ್ಡ. ಅಂದ ಹಾಗೆ ನಮ್ಮಲ್ಲಿ ಸೈಕಲ್ ತುಳಿಯುವುದಿಲ್ಲ, ಹೊಡೆಯುತ್ತೇವೆ. ವಿಜಯಪುರ, ಬಾಗಲಕೋಟೆ, ಜಮಖಂಡಿಯ ಹುಡುಗ ಹುಡುಗಿಯರು ರೇಸಿನಲ್ಲಿ ಹೆಸರು ಮಾಡಿದವರು. ಪದ ಕಟ್ಟುವ ಮುಂಚೆ ಅವರನ್ನು ಒಂದು ಮಾತು ಕೇಳಬಹುದಿತ್ತು.

– ಧಾರವಾಡದಿಂದ

*

ಮರು:

ಮಳೆನೆರಳು ಇಂಗ್ಲಿಷಿನ ನಕಲು. ಪದ ಎರಡೂ ಕನ್ನಡ, ಯೋಚನೆ ಅವರದು. ಇದಕ್ಕಿಂತ ಇಂಗ್ಲಿಷ್ ಪದವನ್ನೇ ತರುವುದು ಪ್ರಾಮಾಣಿಕ. ನಾನು ಅದನ್ನೂ ಒಪ್ಪುವುದಿಲ್ಲ. ಇಂದು ಡ್ರಾಫ್ಟಿಂಗ್ ಒಳಗೆ ಬಿಟ್ಟರೆ ನಾಳೆ ಕನ್ನಡದಲ್ಲಿ ಪ್ರತ್ಯಯ ಮಾತ್ರ ಉಳಿಯುತ್ತದೆ.

– ಹಾಸನದಿಂದ

*

ಮರು:

ಪ್ರತ್ಯಯ ಉಳಿದರೆ ಭಾಷೆ ಉಳಿಯಿತು. ಸೈಕಲ್ಲು, ಸೈಕಲ್ಲಿಗೆ, ಸೈಕಲ್ಲಿನಿಂದ. ಪಂಚರ್ ಆಯಿತು, ಪಂಚರ್ ಹಾಕಿಸಿದೆ. ಇದರಲ್ಲಿ ಇಂಗ್ಲಿಷ್ ಎಲ್ಲಿದೆ? ತಾವೇ 'ಹೊಸ ಸವಾರರು' ಎಂದು ಬರೆದಿದ್ದೀರಿ. ಸವಾರ ಪಾರಸಿಯದು. ಅವನು ಓಡಾಡುವ ರಸ್ತೆಯೂ ಪಾರಸಿಯದೇ. ತೆಗೆಯುವುದಾದರೆ ಅವನ್ನೂ ತೆಗೆಯಿರಿ.

ಕೇಳಿದವರಿಗೆ ಒಂದು ಪ್ರಶ್ನೆ: ನಿಮ್ಮ ಕ್ಲಬ್ಬಿನವರು ದಾರಿಯಲ್ಲಿ ಇದಕ್ಕೆ ಏನು ಕೂಗುತ್ತಾರೆ? ಅದನ್ನೇ ಬರೆಯಿರಿ.

– ಶಿವಮೊಗ್ಗದಿಂದ

*

ಮರು:

ಎಲ್ಲರಿಗೂ ಧನ್ಯವಾದ. ಈ ಕೊನೆಯ ಪ್ರಶ್ನೆಯನ್ನು ನಾನೇ ಮೊದಲು ಕೇಳಿಕೊಳ್ಳಬೇಕಿತ್ತು.

ಎರಡು ವರ್ಷದ ಹಿಂದೆ ನನ್ನ ತೂಕ 86 ಕಿಲೋ. ಸಕ್ಕರೆ ಗಡಿಯಲ್ಲಿದೆ ಅಂದರು ಡಾಕ್ಟರು. ಕ್ಲಬ್ಬಿಗೆ ಸೇರಿದ ಮೊದಲ ಭಾನುವಾರ ಬಿಳಿಕೆರೆಗೆ ಹೋಗಿ ಬರುವುದು ಅಂತ ಆಯಿತು. ಆಷಾಢದ ಗಾಳಿ, ಪಡುವಣದಿಂದ ನೇರ ಎದೆಗೆ. ಇಲವಾಲ ದಾಟುವಷ್ಟರಲ್ಲಿ ಗುಂಪು ಕಣ್ಣಿಂದ ದೂರವಾಯಿತು. ಪೆಡಲ್ ತುಳಿದರೂ ಸೈಕಲ್ ನಿಂತಲ್ಲೇ ನಿಂತ ಹಾಗೆ. ಕಿವಿಯಲ್ಲಿ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ವಾಪಸ್ ಹೋಗೋಣ ಅಂತ ಕಾಲು ಊರಿದೆ.

ನಮ್ಮ ಕ್ಲಬ್ಬಿನಲ್ಲಿ ಅರವತ್ತು ದಾಟಿದ ಒಬ್ಬರಿದ್ದಾರೆ. ಬದುಕೆಲ್ಲ ಮನೆಮನೆಗೆ ಪೇಪರ್ ಹಾಕಿದವರು. ಇವತ್ತಿಗೂ ಗೇರಿಲ್ಲದ ಸೈಕಲ್ಲೇ, ಹಿಂದೆ ಕ್ಯಾರಿಯರ್, ಅದಕ್ಕೆ ಟ್ಯೂಬಿನ ರಬ್ಬರ್ ಸುತ್ತಿದೆ. ಅವರು ಗುಂಪು ಬಿಟ್ಟು ವಾಪಸ್ ಬಂದರು. ನನ್ನ ಮುಂದೆ ಸೈಕಲ್ ತಿರುಗಿಸಿ, "ಗಾಳಿಗೆ ಯಾಕಪ್ಪಾ ಎದೆ ಕೊಡ್ತೀಯ? ನನ್ನ ಮರೆಗೆ ಬಾ" ಅಂದರು. ಆ ರಬ್ಬರ್ ನೋಡಿಕೊಂಡೇ ತುಳಿದೆ. ಕಿವಿಯಲ್ಲಿದ್ದ ಸದ್ದು ಇಳಿಯಿತು. ಮೊದಲ ಸಲ ನನ್ನದೇ ಚೈನಿನ ಸದ್ದು ಕೇಳಿಸಿತು. ಬಿಳಿಕೆರೆ ಮುಟ್ಟಿದೆ.

ಈಗ 79 ಕಿಲೋ ಇದ್ದೇನೆ. ಚಾಮುಂಡಿ ಬೆಟ್ಟವನ್ನು ಕಾಲು ಊರದೆ ಹತ್ತುತ್ತೇನೆ. ಆದರೆ ಅವರ ಬಾಯಲ್ಲಿ ಬಂದ ಮಾತು ಮಾತ್ರ ನನ್ನ ತಲೆಗೆ ಪದವಾಗಿ ಹೊಳೆದೇ ಇರಲಿಲ್ಲ. ಇಂಗ್ಲಿಷಿನಲ್ಲಿ ನಾಮಪದ ಇದೆ, ಕನ್ನಡದಲ್ಲೂ ನಾಮಪದವೇ ಬೇಕು ಅಂತ ಹಿಡಿದು ಕೂತಿದ್ದೆ. ನಮಗೆ ಬೇಕಿದ್ದದ್ದು ಕೂಗಲು ಬರುವ ಮಾತು. ಎದುರುಗಾಳಿಯಲ್ಲಿ ಏದುಸಿರು ಬಿಡುತ್ತಾ ಯಾರೂ ವಾತಾಶ್ರಯ ಅನ್ನಲಾರರು. ಉಡುಪಿಯವರು ಕ್ಷಮಿಸಬೇಕು. ನಮ್ಮ ಹೊಸಬರಲ್ಲಿ ಅರ್ಧ ಜನಕ್ಕೆ ವಾತ ಅಂದರೆ ಮಂಡಿನೋವು, ಅದಕ್ಕೇ ಅವರು ಸೈಕಲ್ ಹಿಡಿದದ್ದು. ಎಲರ್ ಚೆಂದದ ಪದ, ನನಗೂ ಇಷ್ಟ. ಆದರೆ ಅದರ ಅರ್ಥ ಹೇಳುವಷ್ಟರಲ್ಲಿ ಗುಂಡಿ ಬಂದಿರುತ್ತದೆ. ಸೈಕಲ್ ಸೈಕಲ್ಲಾಗಿಯೇ ಇರುತ್ತದೆ. ನಮ್ಮಪ್ಪ ಒಳಪೆಡಲ್ ಕಲಿಸಿದ್ದು ಸೈಕಲ್ಲಿನಲ್ಲಿ, ತುಳಿಬಂಡಿಯಲ್ಲಲ್ಲ.

'ಮರೆಗೆ ಬಾ' ಅಂದಾಗ ಆ ಇನ್ನೊಂದು ಮರೆಯ ಗೊಂದಲವೂ ಇಲ್ಲ, ವಿಭಕ್ತಿಯ ತೊಡಕೂ ಇಲ್ಲ. ಮುಂದೆ ಇರುವವರದ್ದು 'ಮರೆ ಕೊಡುವುದು'. ಒಂದೇ ಪದದಿಂದ ಎರಡೂ ಕೆಲಸ ಆಯಿತು. ಕೇಡೆನ್ಸಿಗೆ ಪದವೇ ಇಟ್ಟಿಲ್ಲ, ನಿಮಿಷಕ್ಕೆ 80ರಿಂದ 90 ಸುತ್ತು ಅಂತ ಬರೆದಿದ್ದೇನೆ.

ಅಚ್ಚಿಗೆ ಕಳಿಸಿದ ಸಾಲುಗಳು ಇವು:

"ಎದುರುಗಾಳಿ ಇದ್ದರೆ ಮುಂದಿನವರ ಮರೆಗೆ ಬನ್ನಿ. ಹೊಸಬರು ಒಂದು ಮಾರು ದೂರ ಬಿಡಿ. ಅವರ ಚಕ್ರವನ್ನೇ ನೋಡಬೇಡಿ, ಭುಜದಾಚೆ ರಸ್ತೆ ನೋಡಿ. ಅವರು ಕೈ ಮಾಡಿ ಪಕ್ಕಕ್ಕೆ ಸರಿದರೆ ಮರೆ ಕೊಡುವ ಸರದಿ ನಿಮ್ಮದು."

'ಮಾರು' ಈಗಿನ ಹುಡುಗರಿಗೆ ಗೊತ್ತಾಗುತ್ತದೆಯೇ ಅನ್ನುವುದೊಂದು ಅನುಮಾನ ಇದೆ. ಎರಡು ಕೈ ಚಾಚಿದಷ್ಟು ಅಂತ ಭಾನುವಾರ ನಿಂತು ತೋರಿಸುತ್ತೇನೆ. ಧಾರವಾಡದವರು ಜಮಖಂಡಿ ಕಡೆ ಹೋದಾಗ ಅಲ್ಲಿನ ಹುಡುಗರು ಏನನ್ನುತ್ತಾರೆ ಅಂತ ದಯವಿಟ್ಟು ಕೇಳಿ ಬರೆಯಿರಿ. ಮುಂದಿನ ಅಚ್ಚಿಗೆ ಸೇರಿಸುತ್ತೇನೆ.

– ಮೈಸೂರಿನಿಂದ