ಪದಚರ್ಚೆ: ‘ಅರೆಮಲೆನಾಡು’ ಅಂದರೆ ಯಾವ ಊರಿಂದ ಯಾವ ಊರಿನವರೆಗೆ?

ಎಲ್ಲರಿಗೂ ನಮಸ್ಕಾರ.

‘ಅರೆಮಲೆನಾಡು’ ಎಂಬ ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು. ಹೈಸ್ಕೂಲು ಮಕ್ಕಳಿಗಾಗಿ ಕರ್ನಾಟಕದ ನೆಲ, ಮಳೆ, ಬೆಳೆಗೆ ಸಂಬಂಧಿಸಿದ ಮಾತುಗಳ ಒಂದು ಸಣ್ಣ ಪದಕೋಶ ಮಾಡುತ್ತಿದ್ದೇನೆ. ಕರಾವಳಿ, ಮಲೆನಾಡು, ಬಯಲುಸೀಮೆಗೆ ಎರಡೆರಡು ಸಾಲು ಬರೆದಾಯಿತು. ಈ ಪದದ ಹತ್ತಿರ ಬಂದು ನಿಂತಿದ್ದೇನೆ. ಪತ್ರಿಕೆಗಳಲ್ಲಿ ತರೀಕೆರೆ, ಚನ್ನಗಿರಿ, ಶಿಕಾರಿಪುರ, ಹಾನಗಲ್ಲು, ಕಲಘಟಗಿ, ಆಲೂರು, ಅರಕಲಗೂಡು ಎಲ್ಲವೂ ಅರೆಮಲೆನಾಡೇ. ‘ಮಲೆನಾಡು ಮತ್ತು ಬಯಲುಸೀಮೆಯ ನಡುವಿನ ಪ್ರದೇಶ’ ಎಂದು ಬರೆದು ಮುಗಿಸಬಹುದು. ಆದರೆ ಅದು ಆ ಜಾಗ ಎಲ್ಲಿದೆ ಅಂತ ಹೇಳುತ್ತದೆ, ಹೇಗಿದೆ ಅಂತ ಹೇಳುವುದಿಲ್ಲ.

ಮೊದಲು ‘ಮಲೆ’ಯ ವಿಚಾರ. ಮಲೆನಾಡು ಅಂದರೆ ಮಳೆ ಜಾಸ್ತಿ ಬೀಳುವ ನಾಡು ಎಂದು ಎಷ್ಟೋ ಮಕ್ಕಳು ಉತ್ತರ ಬರೆಯುತ್ತಾರೆ. ‘ಮಳೆನಾಡು’ ಅಂತ ಬರೆಯುವವರೂ ಇದ್ದಾರೆ. ಮಲೆ ಅಂದರೆ ಬೆಟ್ಟ, ಬೆಟ್ಟದ ಮೇಲಿನ ಕಾಡು. ಮಳೆ ಹಳಗನ್ನಡದಲ್ಲಿ ‘ಮೞೆ’. ಎರಡಕ್ಕೂ ಅಕ್ಷರವೇ ಬೇರೆ, ಉಚ್ಚಾರವೇ ಬೇರೆ. ತಮಿಳಿನಲ್ಲಿ ಇವತ್ತಿಗೂ ಆ ವ್ಯತ್ಯಾಸ ಉಳಿದಿದೆ. ಹೊಯ್ಸಳರು ತಮ್ಮನ್ನು ‘ಮಲೆಪರೊಳ್ ಗಂಡ’ ಎಂದು ಕರೆದುಕೊಂಡರು. ಮಲೆಪರು ಅಂದರೆ ಬೆಟ್ಟನಾಡಿನ ನಾಯಕರು. ಹೊಯ್ಸಳರ ಮೂಲ ಊರು ಸೊಸೆವೂರು, ಅಂದರೆ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಇರುವುದೂ ಇಂಥ ಬೆಟ್ಟಗಳ ನಡುವೆಯೇ.

ಹಾಗಾದರೆ ಅರೆಮಲೆನಾಡು ಅಂದರೆ ಅರ್ಧ ಬೆಟ್ಟ ಇರುವ ನಾಡೇ? ಚಿತ್ರದುರ್ಗದಲ್ಲಿ ಕೋಟೆ ಕಟ್ಟುವಷ್ಟು ಬೆಟ್ಟಗಳಿವೆ. ಸಂಡೂರಿನಲ್ಲಿ ಬೆಟ್ಟದ ಸಾಲೇ ಇದೆ. ಚಿಕ್ಕಬಳ್ಳಾಪುರದಲ್ಲಿ ನಂದಿಬೆಟ್ಟ ಇದೆ. ಆದರೂ ಚಿತ್ರದುರ್ಗವನ್ನಾಗಲಿ ಚಿಕ್ಕಬಳ್ಳಾಪುರವನ್ನಾಗಲಿ ಮಲೆನಾಡು ಅನ್ನುವವರಿಲ್ಲ. ಅಂದರೆ ಪದದ ಮೂಲ ಬೆಟ್ಟದಲ್ಲಿದ್ದರೂ ಬಳಕೆ ಮಳೆಯ ಕಡೆಗೆ ವಾಲಿಬಿಟ್ಟಿದೆ. ಮಕ್ಕಳು ಬರೆಯುವುದು ಪದದ ಹುಟ್ಟಿಗೆ ಹೊಂದುವುದಿಲ್ಲ, ಆದರೆ ಜನರ ಬಳಕೆಗೆ ಪೂರ್ತಿ ಹೊಂದುತ್ತದೆ. ಪದಕೋಶದಲ್ಲಿ ಈ ಎರಡನ್ನೂ ಹೇಳಬೇಕು ಅನ್ನುವುದು ನನ್ನ ಪಟ್ಟು.

ಮಳೆಯ ಲೆಕ್ಕ ನೋಡಿ. ಜೂನ್‌ನಲ್ಲಿ ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿಗೆ ಘಟ್ಟ ಅಡ್ಡ ನಿಲ್ಲುತ್ತದೆ. ಗಾಳಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಮಳೆ ಸುರಿಸುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟುವುದು ಮಾಮೂಲು. ಘಟ್ಟದ ಅಂಚಿನಲ್ಲೇ ಕೂತಿರುವ ಆಗುಂಬೆಯಲ್ಲಿ ಸರಾಸರಿ 7000 ಮಿ.ಮೀ.ಗಿಂತ ಜಾಸ್ತಿ. ಅಲ್ಲಿಂದ ತೀರ್ಥಹಳ್ಳಿ ದಾಟಿ ಶಿವಮೊಗ್ಗಕ್ಕೆ ಬರುವುದರೊಳಗೆ, ಅಂದರೆ 100 ಕಿ.ಮೀ. ಕೂಡ ಆಗುವ ಮೊದಲೇ, ಅದು 1000ದ ಆಸುಪಾಸಿಗೆ ಇಳಿಯುತ್ತದೆ. ಇನ್ನೂ ಪೂರ್ವಕ್ಕೆ ಚಳ್ಳಕೆರೆಗೆ ಹೋದರೆ 500ರ ಆಸುಪಾಸು. ಘಟ್ಟ ಇಳಿದ ಗಾಳಿಯಲ್ಲಿ ಸುರಿಯಲು ಹೆಚ್ಚೇನೂ ಉಳಿದಿರುವುದಿಲ್ಲ. ಇದೇ ಮಳೆನೆರಳು. ಮಳೆ ಹೀಗೆ ಕುಸಿಯುವ ಇಳಿಜಾರಿನ ಮೇಲೆಯೇ ಅರೆಮಲೆನಾಡು ಕೂತಿದೆ. ಆದ್ದರಿಂದ ಅದಕ್ಕೆ ಗೆರೆ ಎಳೆಯುವುದು ಕಷ್ಟ. ಮಳೆ ಚೆನ್ನಾಗಿ ಬಂದ ವರ್ಷ ಆ ಊರು ಮಲೆನಾಡಿನ ಕಡೆ ಸರಿಯುತ್ತದೆ, ಕೈಕೊಟ್ಟ ವರ್ಷ ಬಯಲುಸೀಮೆಯ ಕಡೆ.

ಇದು ಬೆಳೆಯಲ್ಲೇ ಕಾಣುತ್ತದೆ. ಹಾನಗಲ್ಲು, ಕಲಘಟಗಿ, ಮುಂಡಗೋಡು, ಹಳಿಯಾಳದ ಕಡೆ ಭತ್ತವನ್ನು ಸಸಿ ಮಡಿ ಮಾಡಿ ನಾಟಿ ಮಾಡುವ ಬದಲು ಕೂರಿಗೆಯಲ್ಲಿ ಬಿತ್ತುವ ರೂಢಿ ಇದೆ. ಬೆಳೆ ಮಲೆನಾಡಿನದು, ಬಿತ್ತುವ ರೀತಿ ಬಯಲುಸೀಮೆಯದು. ಗದ್ದೆಯಲ್ಲಿ ನೀರು ನಿಲ್ಲುವಷ್ಟು ಮಳೆ ಬರುವವರೆಗೆ ಕಾಯುತ್ತ ಕೂರುವಂತಿಲ್ಲ, ಹಾಗಂತ ಭತ್ತ ಬಿಟ್ಟು ಬರೀ ಜೋಳ ಹಾಕುವಷ್ಟು ಒಣ ನೆಲವೂ ಅಲ್ಲ. ಅರೆಮಲೆನಾಡಿಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ. ಈಗ ಆ ಹೊಲಗಳಲ್ಲಿ ಮೆಕ್ಕೆಜೋಳ ತುಂಬುತ್ತಿದೆ. ಕೂರಿಗೆ ಭತ್ತ ಮರೆಯಾದರೆ ಈ ಪದದ ಅರ್ಥವೂ ತೆಳುವಾಗುತ್ತದೆ ಎಂಬ ಕಳವಳ ನನಗಿದೆ.

ಇನ್ನು ಪಠ್ಯಪುಸ್ತಕದ ‘ಮೂರು ಭಾಗ’ದ ಕತೆ. ಹಳೆ ಮೈಸೂರು ಸಂಸ್ಥಾನದ ಗೆಜೆಟಿಯರ್‌ಗಳಲ್ಲಿ ಇರುವುದು ಎರಡೇ: ಮಲ್ನಾಡು ಮತ್ತು ಮೈದಾನ, ಅಂದರೆ ಬಯಲುಸೀಮೆ. ಮೂರನೆಯದು ಬೇಕಾಗಿಯೇ ಇರಲಿಲ್ಲ, ಯಾಕೆಂದರೆ ಆ ರಾಜ್ಯಕ್ಕೆ ಸಮುದ್ರವೇ ಇರಲಿಲ್ಲ. ದಕ್ಷಿಣ ಕನ್ನಡ ಮದ್ರಾಸಿನಲ್ಲಿತ್ತು, ಉತ್ತರ ಕನ್ನಡ 1862ರಿಂದ ಮುಂಬೈಗೆ ಸೇರಿತ್ತು. 1956ರಲ್ಲಿ ಎಲ್ಲ ಒಂದಾದ ಮೇಲೆ ರಾಜ್ಯಕ್ಕೆ ಸುಮಾರು 300 ಕಿ.ಮೀ. ಕಡಲತೀರ ಬಂತು, ಪಾಠಕ್ಕೆ ‘ಕರಾವಳಿ’ ಬಂತು. ಕರಾವಳಿಯವರಿಗೂ ಎರಡೇ ಸಾಕಿತ್ತು: ಘಟ್ಟದ ಮೇಲೆ, ಘಟ್ಟದ ಕೆಳಗೆ. ಮಂಗಳೂರಿನ ಕಡೆಯವರಿಗೆ ಕೊಪ್ಪದವರೂ ಘಟ್ಟದವರೇ, ಕಡೂರಿನವರೂ ಘಟ್ಟದವರೇ. ಈ ಎರಡು ಲೆಕ್ಕಗಳನ್ನು ಒಂದರ ಮೇಲೊಂದು ಇಟ್ಟು ಮೂರು ಮಾಡಿದ್ದೇವೆ. ಹೀಗೆ ಮಾಡಿದ ಮೂರರಲ್ಲಿ ನಡುವಿನ ಊರುಗಳಿಗೆ ಜಾಗ ಇರಲಿಲ್ಲ. ಅವಕ್ಕಾಗಿ ಹುಟ್ಟಿದ ಪದ ‘ಅರೆಮಲೆನಾಡು’ ಎಂದು ನನಗನ್ನಿಸುತ್ತದೆ.

ಜಿಲ್ಲೆಯ ಗಡಿ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಉತ್ತರ ಕನ್ನಡ ಒಂದೇ ಜಿಲ್ಲೆ. ಕುಮಟಾ, ಹೊನ್ನಾವರ ಕಡಲ ಪಕ್ಕ. ಶಿರಸಿ, ಸಿದ್ದಾಪುರ ಅಪ್ಪಟ ಮಲೆನಾಡು. ಮುಂಡಗೋಡು, ಹಳಿಯಾಳಕ್ಕೆ ಬಂದರೆ ಆಗಲೇ ಧಾರವಾಡದ ಗಾಳಿ. ಸರ್ಕಾರದ ಮಾತು ಇನ್ನೂ ಬೇರೆ. ಶಿವಮೊಗ್ಗದಲ್ಲಿ ಕಚೇರಿ ಇರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯ ವ್ಯಾಪ್ತಿಯಲ್ಲಿ 13 ಜಿಲ್ಲೆಗಳಿವೆ. ಉಡುಪಿ, ದಕ್ಷಿಣ ಕನ್ನಡವೂ ಅದರಲ್ಲಿವೆ, ದಾವಣಗೆರೆ, ಚಾಮರಾಜನಗರವೂ ಇವೆ. ಅಭಿವೃದ್ಧಿಯ ಹಣ ಹಂಚಲು ಅದು ಸರಿಯೇ. ಪದಕೋಶಕ್ಕೆ ಮಾತ್ರ ಅದನ್ನು ಆಧಾರ ಮಾಡಿಕೊಳ್ಳಬಾರದು.

‘ಬಯಲು’ ಕೂಡ ಅಷ್ಟು ಸುಲಭದ್ದಲ್ಲ. ಬಯಲುಸೀಮೆ ಅಂದಾಗ ಕಣ್ಣೆದುರು ಬರುವುದು ಒಣ, ತೆರೆದ ನೆಲ. ತುಳುನಾಡಿನಲ್ಲಿ ಗದ್ದೆಗಳಿಗೆ ಬೈಲು, ಮಜಲು, ಬೆಟ್ಟು ಎಂಬ ಮೂರು ಬಗೆ. ಬೈಲು ಅಂದರೆ ಎಲ್ಲಕ್ಕಿಂತ ತಗ್ಗಿನ, ನೀರು ಜಾಸ್ತಿ ನಿಲ್ಲುವ ಗದ್ದೆ. ಬೆಟ್ಟು ಅಂದರೆ ಮಳೆಯನ್ನೇ ನಂಬಿದ ಎತ್ತರದ ಗದ್ದೆ. ಅದೇ ಶಿರಸಿ ಕಡೆ ‘ಬೆಟ್ಟ’ ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು. ‘ನಮ್ಮ ಬೆಟ್ಟ’ ಅಂತ ಅವರು ಹೇಳಿದರೆ ಶಿಖರ ಹುಡುಕಬಾರದು. ಹೀಗಾಗಿ ಬಯಲು, ಬೆಟ್ಟ ಎರಡಕ್ಕೂ ‘ಕರಾವಳಿ, ಮಲೆನಾಡುಗಳಲ್ಲಿ ಬೇರೆ ಅರ್ಥ’ ಎಂಬ ಸಾಲು ಸೇರಿಸುತ್ತಿದ್ದೇನೆ.

ಇದೇ ರೀತಿ ತೊಡಕು ಮಾಡುವ ಇನ್ನೊಂದು ಪದ ‘ಮುಂಗಾರು’. ರೇಡಿಯೋ, ಪೇಪರಿನಲ್ಲಿ ಮುಂಗಾರು ಅಂದರೆ ಜೂನ್ 1ರ ಹೊತ್ತಿಗೆ ಕೇರಳಕ್ಕೆ ಬರುವ ಮಳೆ. ಅದಕ್ಕೂ ಮೊದಲು ಬಿದ್ದದ್ದು ‘ಮುಂಗಾರು ಪೂರ್ವ ಮಳೆ’. ಹಳೆ ಮೈಸೂರಿನ ರೈತರಿಗೆ ಯುಗಾದಿ ಕಳೆದ ಮೇಲೆ ಬರುವ ಭರಣಿ, ಕೃತ್ತಿಕೆ ಮಳೆಗಳೂ ಮುಂಗಾರೇ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅನ್ನುವುದು ಏಪ್ರಿಲ್ ಕೊನೆ, ಮೇ ಮೊದಲಿನ ಮಳೆಯ ಮಾತು. ಮುಂಗಾರಿಗೂ ಮುಂಚಿನ ಮುಂಗಾರು ಎಂಬ ಗೊಂದಲ ಹಳ್ಳಿಯಲ್ಲಿ ಇರಲೇ ಇಲ್ಲ. ಕರಾವಳಿಯಲ್ಲಿ ಈ ಮುಂಗಾರು–ಹಿಂಗಾರಿನ ಜೋಡಿಗೆ ಅಷ್ಟು ಬೆಲೆ ಇಲ್ಲ, ಅಲ್ಲಿ ‘ಮಳೆಗಾಲ’ ಅಂದರೆ ಸಾಕು. ಎರೆ ಭೂಮಿಯಲ್ಲಿ ಕಡಲೆ, ಕುಸುಬೆ, ಬಿಳಿಜೋಳ ಬೆಳೆಯುವವರಿಗೆ ಹಿಂಗಾರೇ ಜೀವ. ಕಾಫಿ ಬೆಳೆಗಾರರಿಗೆ ಇವೆಲ್ಲಕ್ಕಿಂತ ಮುಂಚೆ ಬೇಸಿಗೆಯಲ್ಲಿ ಬೀಳುವ ‘ಹೂಮಳೆ’ ಮುಖ್ಯ. ಅದು ಬಾರದಿದ್ದರೆ ಗಿಡದಲ್ಲಿ ಹೂ ಅರಳುವುದಿಲ್ಲ.

ಬೇಸಿಗೆಗೂ ಹಾಗೇ. ಸಮುದ್ರದ ಪಕ್ಕದ ಮಂಗಳೂರಿನಲ್ಲಿ ಬಿಸಿ 34–35 ಡಿಗ್ರಿ ಇದ್ದರೂ ಬೆವರು ಆರುವುದಿಲ್ಲ, ಅಲ್ಲಿ ಕಾಡುವುದು ಸೆಕೆ. ರಾಯಚೂರು, ಕಲಬುರಗಿಯಲ್ಲಿ 40 ದಾಟುತ್ತದೆ, ಅಲ್ಲಿನದು ಝಳ, ರಣಬಿಸಿಲು. ಇವನ್ನು ಒಂದೇ ‘ಉಷ್ಣತೆ’ಯಲ್ಲಿ ಮುಗಿಸಿಬಿಡುವ ಪಾಠಗಳು ನನಗೆ ಸರಿ ಕಾಣುವುದಿಲ್ಲ.

ಸದ್ಯಕ್ಕೆ ನಾನು ಬರೆದುಕೊಂಡಿರುವ ಅರ್ಥ ಹೀಗಿದೆ: ‘ಅರೆಮಲೆನಾಡು – ಘಟ್ಟದ ಪೂರ್ವದ ಸೆರಗಿನಲ್ಲಿ, ಮಳೆ ಬೇಗ ಬೇಗ ಕಡಿಮೆಯಾಗುತ್ತ ಹೋಗುವ ಪಟ್ಟಿ. ಮಳೆಯನ್ನೇ ನಂಬಿ ಭತ್ತವನ್ನೂ ಒಣಬೇಸಾಯದ ಬೆಳೆಗಳನ್ನೂ ಅಕ್ಕಪಕ್ಕದಲ್ಲೇ ಬೆಳೆಯುವ ಸೀಮೆ. ಬೆಳಗಾವಿ ಜಿಲ್ಲೆಯಿಂದ ಮೈಸೂರು ಜಿಲ್ಲೆಯವರೆಗೆ ಉದ್ದಕ್ಕೆ ಹಬ್ಬಿದೆ, ಅಗಲ ಕಡಿಮೆ.’

ಧಾರವಾಡ, ಹಾವೇರಿ ಕಡೆಯ ಬರಹಗಳಲ್ಲಿ ‘ಮಲೆನಾಡಿನ ಸೆರಗು’ ಅಂತ ಓದಿದ್ದೇನೆ. ಅರ್ಥದಲ್ಲಿ ಆ ಪದ ಬಳಸಿದ್ದು ಅದಕ್ಕೇ. ಅರ್ಧ ಅನ್ನುವುದಕ್ಕಿಂತ ಅಂಚು ಅನ್ನುವುದು ಆ ಊರುಗಳಿಗೆ ಹೆಚ್ಚು ಒಪ್ಪುತ್ತದೆ ಅಲ್ವಾ? ಈಗ ನಿಮ್ಮನ್ನು ಕೇಳುವುದು ಇಷ್ಟು. ಹಾನಗಲ್ಲು, ಕಲಘಟಗಿ, ಶಿಕಾರಿಪುರ, ತರೀಕೆರೆ, ಹುಣಸೂರು, ಪಿರಿಯಾಪಟ್ಟಣದ ಕಡೆಯವರು ಇಲ್ಲಿ ಇದ್ದರೆ, ಮನೆಯಲ್ಲಿ ಹಿರಿಯರು ತಮ್ಮ ಸೀಮೆಯನ್ನು ಏನಂತ ಕರೆಯುತ್ತಿದ್ದರು ಬರೆಯಿರಿ. ‘ಅರೆಮಲೆನಾಡು’ ಅಂತ ಯಾರಾದರೂ ಬಾಯಿಮಾತಿನಲ್ಲಿ ಅಂದದ್ದು ಕೇಳಿದ್ದೀರಾ, ಅಥವಾ ಅದು ಪೇಪರಿನಲ್ಲಿ ಮಾತ್ರ ಇರುವ ಪದವೇ? 1956ಕ್ಕಿಂತ ಹಿಂದಿನ ಬರಹದಲ್ಲಿ ಈ ಪದ ಕಂಡವರಿದ್ದರೆ ಆ ಸಾಲನ್ನು ಹಾಗೇ ಕಳಿಸಿ.