ಪ್ರಾಸ್ಟೇಟ್‌ನಲ್ಲಿ ಸುಣ್ಣ ಕಟ್ಟಿದೆ ಅಂತ ರಿಪೋರ್ಟ್ ಬಂದಿದೆ, ಕವಳ ಕಾರಣವೇ?

ಪ್ರಶ್ನೆ (ಶಿರಸಿ ಕಡೆಯ ಅಡಿಕೆ ಬೆಳೆಗಾರ, 63 ವರ್ಷ):
ಡಾಕ್ಟ್ರೇ, ನಮಸ್ಕಾರ. ರಾತ್ರಿ ಮೂರ್ನಾಲ್ಕು ಸಲ ಏಳಬೇಕಾಗ್ತದೆ, ಮೂತ್ರದ ಧಾರೆಯೂ ಸಣ್ಣ ಆಗಿದೆ. ಸ್ಕ್ಯಾನಿಂಗ್ ಮಾಡಿಸಿದೆ. ಪ್ರಾಸ್ಟೇಟ್ 46 ಗ್ರಾಂ, ಒಳಗೆ ಕ್ಯಾಲ್ಸಿಫಿಕೇಶನ್, ಹಳೇ ಉರಿಯೂತ ಇರಬಹುದು ಅಂತ ಬರೆದಿದ್ದಾರೆ. ಮೂತ್ರ ಮಾಡಿದ ಮೇಲೂ 70 ಎಂಎಲ್ ಒಳಗೇ ಉಳೀತದಂತೆ. ಕ್ಯಾಲ್ಸಿಫಿಕೇಶನ್ ಅಂದ್ರೆ ಸುಣ್ಣ ಕಟ್ಟೋದು ಅಂತ ಮಗ ಹೇಳಿದ. ನಲವತ್ತು ವರ್ಷದಿಂದ ಎಲೆ, ಅಡಿಕೆ, ಸುಣ್ಣದ ಕವಳ ಹಾಕ್ತಾ ಬಂದವ ನಾನು. ಆ ಸುಣ್ಣವೇ ಅಲ್ಲಿ ಹೋಗಿ ಕೂತಿತೋ? ಮನೆಯವಳು ಹಾಲು, ಮಜ್ಜಿಗೆ, ತಂಬುಳಿ ಎಲ್ಲ ನಿಲ್ಲಿಸಿದ್ದಾಳೆ. ಮುಂದೆ ಕ್ಯಾನ್ಸರ್ ಆಗ್ತದೋ ಅಂತ ಹೆದರಿಕೆ.

ಉತ್ತರ (ಮೂತ್ರರೋಗ ತಜ್ಞ, ಕಾರವಾರ):
ನಮಸ್ಕಾರ. ಮೊದಲು ಮಜ್ಜಿಗೆ, ತಂಬುಳಿ ಮತ್ತೆ ಶುರು ಮಾಡಿ. ತಿಂದ ಸುಣ್ಣಕ್ಕೂ ಸ್ಕ್ಯಾನಿಂಗ್‌ನಲ್ಲಿ ಕಂಡ ಬಿಳಿ ಚುಕ್ಕೆಗೂ ಸಂಬಂಧ ಇಲ್ಲ.

ಪ್ರಾಸ್ಟೇಟ್ ಅಂದರೆ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ. ಅದರ ಒಳಗೆ ರಸ ಹರಿಯುವ ಸಣ್ಣ ಸಣ್ಣ ನಾಳಗಳಿರುತ್ತವೆ. ವಯಸ್ಸಾದಂತೆ ಗ್ರಂಥಿ ಬೆಳೆದು ಆ ನಾಳಗಳನ್ನು ಒತ್ತುತ್ತದೆ. ರಸ ಅಲ್ಲೇ ನಿಂತು ಗಟ್ಟಿಯಾಗಿ ಕಾಳು ಕಟ್ಟುತ್ತದೆ, ಅದಕ್ಕೆ ಕ್ಯಾಲ್ಸಿಯಂ ಫಾಸ್ಫೇಟ್ ಸೇರಿಕೊಳ್ಳುತ್ತದೆ. ಆಪರೇಶನ್ ಮಾಡುವಾಗ ಇದನ್ನು ಕಣ್ಣಾರೆ ನೋಡುತ್ತೇನೆ. ಬೆಳೆದ ಭಾಗವನ್ನು ಕೆರೆಯುತ್ತಾ ಅಂಚಿಗೆ ಬಂದಾಗ ಕಂದು ಬಣ್ಣದ ಕಾಳುಗಳು ರಾಗಿ ಚೆಲ್ಲಿದ ಹಾಗೆ ಉದುರುತ್ತವೆ. ಉರಿಯೂತ ಆದಾಗ ಬಿಳಿ ರಕ್ತಕಣಗಳು ಬಿಡುವ ಪ್ರೋಟೀನುಗಳು ಈ ಕಾಳುಗಳಲ್ಲಿ ಸಿಕ್ಕಿವೆ. ಹಾಗಾಗಿ ಹಿಂದೆ ಅಲ್ಲಿ ಉರಿಯೂತ ಇದ್ದಿರಬಹುದು ಅನ್ನುವುದಕ್ಕೆ ಇವು ಗುರುತು. ಕ್ಯಾನ್ಸರ್ ಅಲ್ಲ, ಕಾಳು ಬೆಳೆದು ಕ್ಯಾನ್ಸರ್ ಆಗುವುದೂ ಇಲ್ಲ.

ಉರಿಯೂತ ಅಂದ ಕೂಡಲೇ ಸೋಂಕು ಅಂದುಕೊಳ್ಳಬೇಡಿ. ದೊಡ್ಡದಾದ ಪ್ರಾಸ್ಟೇಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹಳಷ್ಟರಲ್ಲಿ ಉರಿಯೂತ ಕಾಣುತ್ತದೆ, ಹೆಚ್ಚಿನವರಲ್ಲಿ ರೋಗಾಣು ಇರುವುದಿಲ್ಲ. ಆದರೂ ಉರಿಯೂತ ಇದ್ದವರಲ್ಲಿ ಗ್ರಂಥಿ ದೊಡ್ಡದಾಗುವುದು, ಮೂತ್ರ ಕಟ್ಟುವುದು ಹೆಚ್ಚು. ಅದಕ್ಕೇ ನಿಮ್ಮ ರಿಪೋರ್ಟಿನಲ್ಲಿ ನಾನು ಬಿಳಿ ಚುಕ್ಕೆಗಿಂತ ಆ 70 ಎಂಎಲ್ ನೋಡುತ್ತೇನೆ. ಅಷ್ಟಕ್ಕೆ ಗಾಬರಿ ಬೇಡ, ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಅಳೆಸಿ. ಮೂತ್ರ ಪರೀಕ್ಷೆ, ಶುಗರ್, ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್, ಪ್ರಾಸ್ಟೇಟಿನ ರಕ್ತ ಪರೀಕ್ಷೆಯಾದ ಪಿಎಸ್‌ಎ ಮಾಡಿಸಿ. ಪಿಎಸ್‌ಎ ಉರಿಯೂತದಿಂದಲೂ ಏರುತ್ತದೆ, ಒಂದೇ ಅಂಕಿ ನೋಡಿ ನಿದ್ದೆಗೆಡಬೇಡಿ. ಬೆರಳು ಹಾಕಿ ನೋಡುವ ಪರೀಕ್ಷೆಗೆ ನಾಚಿಕೆ ಬೇಡ, ಗಂಟು ಇದ್ದರೆ ಅದರಲ್ಲಿ ಗೊತ್ತಾಗಬಹುದು.

ಕವಳದ ವಿಷಯ ಬೇರೆ. ಬೆಳೆಗಾರರಿಗೆ ಹೇಳಲು ನನಗೂ ಕಷ್ಟ, ಆದರೆ ಹೇಳದಿದ್ದರೆ ತಪ್ಪು. ಹೊಗೆಸೊಪ್ಪಷ್ಟೇ ಅಲ್ಲ, ಅಡಿಕೆ ಜಗಿಯುವುದೂ ಬಾಯಿ ಕ್ಯಾನ್ಸರಿಗೆ ದಾರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಇದನ್ನು ಹೇಳಿದೆ. ಬಾಯಿಯ ಸಲುವಾಗಿ ಬಿಡಿ.

ಪ್ರಶ್ನೆ (ಅಂಕೋಲಾ):
ನನಗೂ ಇದೇ ರಿಪೋರ್ಟ್ ಬಂದಿತ್ತು ಸರ್. ಔಷಧ ಅಂಗಡಿಯಿಂದ ಮೂರು ಸಲ ಆಂಟಿಬಯೋಟಿಕ್ ತಂದು ತಿಂದೆ, ಗುಣ ಕಾಣಲಿಲ್ಲ.

ಉತ್ತರ:
ಸೋಂಕೇ ಇಲ್ಲದಿದ್ದರೆ ಯಾವ ಆಂಟಿಬಯೋಟಿಕ್‌ನಿಂದ ಗುಣ ಆದೀತು? ಮುಂದೆ ನಿಜವಾದ ಸೋಂಕು ಬಂದಾಗ ಅದೇ ಮಾತ್ರೆ ನಾಟದೆ ಹೋಗಬಹುದು. ದಯವಿಟ್ಟು ಮೊದಲು ರೋಗಾಣು ಇದೆಯೇ ಎಂದು ನೋಡುವ ಮೂತ್ರದ ಕಲ್ಚರ್ ಮಾಡಿಸಿ. ಚಳಿಜ್ವರ, ಉರಿಮೂತ್ರ, ತೊಡೆಸಂದಿಯಲ್ಲಿ ನೋವು ಒಟ್ಟಿಗೆ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ (ಕುಮಟಾ):
ನಮ್ಮ ಅಪ್ಪನಿಗೆ ಮಳೆಗಾಲದಲ್ಲಿ ಶೀತದ ಮಾತ್ರೆ ಕೊಟ್ಟ ರಾತ್ರಿ ಮೂತ್ರ ಪೂರ್ತಿ ಕಟ್ಟಿ ಹೋಯ್ತು. ಮಾತ್ರೆಯಿಂದಲೇ ಆಗಿದ್ದಾ?

ಉತ್ತರ:
ಆಗಿರಬಹುದಮ್ಮಾ. ಮೂಗು ಕಟ್ಟಿದ್ದನ್ನು ಬಿಡಿಸುವ ಸ್ಯೂಡೋಎಫೆಡ್ರಿನ್ ಮೂತ್ರಕೋಶದ ಬಾಯಿಯನ್ನು ಬಿಗಿ ಮಾಡುತ್ತದೆ. ಶೀತದ ಮಾತ್ರೆಗಳಲ್ಲಿ ಇರುವ ಇನ್ನೊಂದು ಔಷಧ ಕ್ಲೋರ್‌ಫೆನಿರಮಿನ್ ಮೂತ್ರಕೋಶ ಹಿಂಡುವ ಶಕ್ತಿ ಕಡಿಮೆ ಮಾಡುತ್ತದೆ. ಪ್ರಾಸ್ಟೇಟ್ ದೊಡ್ಡದಾದವರು ಶೀತಕ್ಕೆ ಕೇಳದೆ ಮಾತ್ರೆ ನುಂಗಬಾರದು. ಮೂತ್ರ ಕಟ್ಟಿದರೆ ಬೆಳಗಾಗುವವರೆಗೆ ಕಾಯಬೇಡಿ, ಮಣಿಪಾಲ, ಹುಬ್ಬಳ್ಳಿ ಅಂತ ಹೊರಡಲೂ ಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲೇ ಕ್ಯಾಥೆಟರ್ ಅನ್ನುವ ಸಣ್ಣ ಕೊಳವೆ ಹಾಕಿ ಮೂತ್ರ ತೆಗೆಯುತ್ತಾರೆ, ಮುಂದಿನದು ಆಮೇಲೆ. ಪ್ರಾಸ್ಟೇಟಿನ ಬಿಗಿತ ಸಡಿಲಿಸುವ ಟ್ಯಾಮ್ಸುಲೋಸಿನ್ ಶುರು ಮಾಡಿದ್ದರೆ ರಾತ್ರಿ ಎದ್ದಾಗ ತಲೆ ತಿರುಗಬಹುದು, ಹಾಸಿಗೆಯಲ್ಲೇ ಸ್ವಲ್ಪ ಕೂತು ಏಳಲಿ. ಕಣ್ಣಿನ ಪೊರೆ ಆಪರೇಶನ್ ಇದ್ದರೆ ಈ ಮಾತ್ರೆಯ ಹೆಸರನ್ನು ಕಣ್ಣಿನ ಡಾಕ್ಟರಿಗೆ ಹೇಳಲೇಬೇಕು.

ಮೊದಲ ಪ್ರಶ್ನೆ ಕೇಳಿದವರು:
ಮನೆಯವಳಿಗೆ ಓದಿ ಹೇಳಿದೆ ಡಾಕ್ಟ್ರೇ. ಮಧ್ಯಾಹ್ನ ತಂಬುಳಿ ಉಂಡೆ. ಸೋಮವಾರ ರಕ್ತ ಕೊಡ್ತೇನೆ.

ಉತ್ತರ:
ಒಳ್ಳೇದಾಯ್ತು. ಬರುವಾಗ ಮೂರು ದಿನದ ಲೆಕ್ಕ ಬರೆದು ತನ್ನಿ: ಎಷ್ಟು ಹೊತ್ತಿಗೆ ಏನು ಕುಡಿದಿರಿ, ಎಷ್ಟು ಹೊತ್ತಿಗೆ ಎಷ್ಟು ಮೂತ್ರ ಹೋಯಿತು. ಮಲಗುವ ಮುಂಚಿನ ಕಷಾಯವನ್ನೂ ಬರೆಯಿರಿ.