ಅಜ್ಜಿಯ ಸೋಬಾನೆ ಯಾಕೆ ನಿಂತು ನಿಂತು ಓಡುತ್ತಿದೆ?

ಭಾನುವಾರ ಬೆಳಗ್ಗೆ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಚರ್ಚೆ ಇದು. ದೊಡ್ಡಪ್ಪನ ಮಗಳ ಮದುವೆಯ ಚಪ್ಪರದ ದಿನದ ವಿಡಿಯೋ ಲಿಂಕನ್ನು ತಮ್ಮ ಗುಂಪಿಗೆ ಹಾಕಿದ್ದ. ಹೆಸರುಗಳನ್ನು ಬಿಟ್ಟು ಮಾತುಗಳನ್ನು ಇಲ್ಲಿ ಹಾಕಿದ್ದೇನೆ. ಮದುವೆ ವಿಡಿಯೋ ಓಡಿಸಲು ಒದ್ದಾಡುತ್ತಿರುವ ಬೇರೆ ಮನೆಯವರಿಗೂ ಉಪಯೋಗಕ್ಕೆ ಬಂದೀತು.

ತಮ್ಮ: ಚಪ್ಪರದ ದಿನದ ವಿಡಿಯೋ ಬಂತು. ಡ್ರೈವ್ ಲಿಂಕ್ ಮೇಲಿದೆ. 25 ನಿಮಿಷ, 4ಕೆ. ಅಜ್ಜಿ ಸೋಬಾನೆ ಹೇಳುವುದು 11ನೇ ನಿಮಿಷದಿಂದ. ತಪ್ಪದೆ ನೋಡಿ.

ಅತ್ತೆ: ನೋಡಿದೆ ಕಣೋ. ಅವ್ವನ ದನಿ ಕೇಳಿ ಕಣ್ಣು ತುಂಬಿ ಬಂತು.

ಮಂಡ್ಯ ದೊಡ್ಡಪ್ಪ: ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಲು ರಾತ್ರಿಯೆಲ್ಲ ಹಿಡಿಯಿತು. 11 ಜಿಬಿ ಇದೆ. ಈಗ ಹಾಕಿದರೆ ನಿಂತು ನಿಂತು ಓಡುತ್ತದೆ. ಅವ್ವ ಪಕ್ಕದಲ್ಲೇ ಕೂತಿದ್ದಾಳೆ. ಪದ ಮುಂದೆ ಹೋಗುತ್ತದೆ, ಬಾಯಿ ಹಿಂದೆ ಉಳಿಯುತ್ತದೆ. "ನಾನು ಹಿಂಗೆ ತೊದಲಿದ್ನಾ?" ಅಂತ ಕೇಳುತ್ತಿದ್ದಾಳೆ.

ಮೈಸೂರು ಚಿಕ್ಕಪ್ಪ: ಅಣ್ಣ, ಫೈಲೇ ಕೆಟ್ಟಿರಬೇಕು. ಸರಿ ಮಾಡಿಕೊಡುವ ತನಕ ವಿಡಿಯೋದವರಿಗೆ ಬಾಕಿ ದುಡ್ಡು ಕೊಡಬೇಡ.

ತಮ್ಮ: ಫೈಲ್ ಸರಿಯಾಗಿದೆ ಚಿಕ್ಕಪ್ಪ. ನನ್ನ ಫೋನಿನಲ್ಲಿ ಒಂದು ಕಡೆಯೂ ನಿಲ್ಲದೆ ಓಡುತ್ತಿದೆ.

ಭಾವ: ಇದು ಕೋಡೆಕ್ ಸಮಸ್ಯೆ, ಅಂದರೆ ವಿಡಿಯೋವನ್ನು ಒತ್ತಿ ತುಂಬುವ, ಮತ್ತೆ ಬಿಚ್ಚುವ ವಿಧಾನದ್ದು. ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸಿನ ಪ್ಲೇಯರ್ ಬರೀ ದನಿ ಕೊಡುತ್ತಿದೆ, ಚಿತ್ರವೇ ಇಲ್ಲ. ಆಫೀಸ್ ಗುಂಪಿನಲ್ಲಿ ಒಂದು ಮೆಸೇಜ್ ಬಂದಿತ್ತು, ಹಾಕುತ್ತಿದ್ದೇನೆ.

ಭಾವ, ಫಾರ್ವರ್ಡ್: "ಎಲ್ಲ ವಿಡಿಯೋಗೂ ಒಂದೇ ಕೋಡೆಕ್ ಪ್ಯಾಕ್!! 4ಕೆ, 8ಕೆ ಎಲ್ಲ ಸ್ಮೂತ್!! ಹಾಕುವ ಮುಂಚೆ ಆಂಟಿವೈರಸ್ ಆಫ್ ಮಾಡಿ. ವಿಎಲ್‌ಸಿ ಬಳಸಬೇಡಿ, ಚೀನಾ ಆ್ಯಪ್, ಸರ್ಕಾರ ಬ್ಯಾನ್ ಮಾಡಿದೆ. 10 ಜನರಿಗೆ ಕಳಿಸಿ."

ಮಂಡ್ಯ ದೊಡ್ಡಪ್ಪ: ಹಾಕಲಾ?

ನಾನು: ದೊಡ್ಡಪ್ಪ, ಬೇಡ. ಆ ಲಿಂಕ್ ಒತ್ತಲೇಬೇಡಿ. ಆಂಟಿವೈರಸ್ ಆಫ್ ಮಾಡಿ ಅನ್ನುವ ಯಾವುದನ್ನೂ ಒಳಗೆ ಬಿಟ್ಟುಕೊಳ್ಳಬಾರದು. ನಿಮ್ಮ ಪಿಂಚಣಿ ಖಾತೆ ನೋಡುವುದೂ ಅದೇ ಲ್ಯಾಪ್‌ಟಾಪಿನಲ್ಲಿ ಅಲ್ವಾ? ಸ್ವಲ್ಪ ಹೊತ್ತು ಕೊಡಿ. ಅಜ್ಜಿಗೆ ಹೇಳಿ, ಅವರು ಎಲ್ಲೂ ತೊದಲಿಲ್ಲ.

ಭಾವ: ಒಳ್ಳೆಯದಾಗಲಿ ಅಂತಲೇ ಕಳಿಸಿದ್ದು. ಕೋಡೆಕ್ ಪ್ಯಾಕ್ ಹಾಕಿ ನಾನೇ ಎಷ್ಟೋ ವಿಡಿಯೋ ಓಡಿಸಿದ್ದೇನೆ.

ನಾನು: ಅದು ಗೊತ್ತು ಭಾವ. 20 ವರ್ಷದ ಹಿಂದೆ ಅದೇ ಸರಿಯಾದ ದಾರಿ. ಆಗ ಸಿಡಿಗಳಲ್ಲಿ ಡಿವ್‌ಎಕ್ಸ್, ಎಕ್ಸ್‌ವಿಡ್ ಫೈಲುಗಳು ಬರುತ್ತಿದ್ದವು. ವಿಂಡೋಸ್ ಮೀಡಿಯಾ ಪ್ಲೇಯರ್‌ಗೆ ಅವನ್ನು ಬಿಚ್ಚಲು ಬರುತ್ತಿರಲಿಲ್ಲ. ಕೋಡೆಕ್ ಹಾಕಿದರೆ ಬರುತ್ತಿತ್ತು. ಈಗ ವಿಎಲ್‌ಸಿಯಂಥ ಪ್ಲೇಯರ್ ತನಗೆ ಬೇಕಾದ ಕೋಡೆಕ್‌ಗಳನ್ನು ತನ್ನ ಜೊತೆಗೇ ತರುತ್ತದೆ. ಕೆ-ಲೈಟ್‌ನಂಥ ಒಳ್ಳೆಯ ಪ್ಯಾಕ್ ಇಲ್ಲವೆಂದಲ್ಲ, ಅದರ ಸ್ವಂತ ಜಾಲತಾಣದಿಂದ ತೆಗೆದುಕೊಂಡರೆ ತಪ್ಪಿಲ್ಲ. ಆದರೆ ಈ ಫಾರ್ವರ್ಡ್‌ನ ಜಿಪ್ ಫೈಲ್ ಯಾರು ಮಾಡಿದ್ದು ಅಂತ ನಿಮಗೆ ಗೊತ್ತಾ?

ನಿಮ್ಮ ಲ್ಯಾಪ್‌ಟಾಪಿನ ತೊಂದರೆ ಬೇರೆ. ಈ ವಿಡಿಯೋ ಇರುವುದು ಎಚ್‌ಇವಿಸಿಯಲ್ಲಿ, ಅಂದರೆ ಎಚ್.265. ಅದಕ್ಕೆ ಪೇಟೆಂಟ್ ಲೈಸೆನ್ಸ್ ಶುಲ್ಕ ಇರುವುದರಿಂದ ವಿಂಡೋಸ್ ಅದನ್ನು ಸ್ಟೋರ್‌ನಲ್ಲಿ ಬೇರೆಯಾಗಿ ಸಣ್ಣ ಮೊತ್ತಕ್ಕೆ ಮಾರುತ್ತದೆ. ಅದಿಲ್ಲದಿದ್ದರೆ ಬರೀ ದನಿ. ವಿಎಲ್‌ಸಿಯಲ್ಲಿ ತೆರೆದು ನೋಡಿ, ಚಿತ್ರ ಬರುತ್ತದೆ.

ಭಾವ: ವಿಎಲ್‌ಸಿ ಬ್ಯಾನ್ ಆಗಿದ್ದು ನಿಜ. ಪೇಪರಿನಲ್ಲೇ ಓದಿದ್ದೆ.

ನಾನು: ಓದಿರುತ್ತೀರಿ. 2022ರಲ್ಲಿ ಅದರ ಜಾಲತಾಣ ನಮ್ಮ ದೇಶದಲ್ಲಿ ಕೆಲವು ತಿಂಗಳು ತೆರೆಯುತ್ತಿರಲಿಲ್ಲ. ವಿಎಲ್‌ಸಿ ಮಾಡುವವರು ಲೀಗಲ್ ನೋಟಿಸ್ ಕೊಟ್ಟರು, ಅದೇ ವರ್ಷ ನವೆಂಬರ್‌ನಲ್ಲಿ ಸರ್ಕಾರ ತಡೆ ತೆಗೆಯಿತು. ಅದು ಚೀನಾದ್ದೂ ಅಲ್ಲ. 1996ರಲ್ಲಿ ಪ್ಯಾರಿಸ್ಸಿನ ಎಕೋಲ್ ಸೆಂಟ್ರಾಲ್ ಕಾಲೇಜಿನ ವಿದ್ಯಾರ್ಥಿಗಳು ಶುರು ಮಾಡಿದ ಕೆಲಸ. 2001ರಿಂದ ಅದರ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ. ಜಾಹೀರಾತಿಲ್ಲ, ದುಡ್ಡಿಲ್ಲ. ಅಂಥದ್ದಕ್ಕೆ ಸುಮ್ನೆ ಕೆಟ್ಟ ಹೆಸರು ಬರುವುದು ನನಗೆ ಬೇಜಾರಿನ ವಿಷಯ.

ಭಾವ: ವಿಎಲ್‌ಸಿಯಲ್ಲಿ ಚಿತ್ರ ಬಂತು. ಆ ಫಾರ್ವರ್ಡ್ ಅಳಿಸಿದ್ದೇನೆ.

ನಾನು: ಥ್ಯಾಂಕ್ಸ್ ಭಾವ. ದೊಡ್ಡಪ್ಪ, ನಿಮ್ಮದು ಈಗ. ವಿಎಲ್‌ಸಿಯಲ್ಲಿ ವಿಡಿಯೋ ಓಡುತ್ತಿರುವಾಗಲೇ ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಜೆ ಒತ್ತಿ. ಒಂದು ಕಿಟಕಿ ತೆರೆಯುತ್ತದೆ. ಅದರ ಫೋಟೋ ಹಾಕಿ. ಲ್ಯಾಪ್‌ಟಾಪಿನ ಮೇಲಿರುವ ಸ್ಟಿಕ್ಕರ್‌ನದೂ ಒಂದು.

ಮಂಡ್ಯ ದೊಡ್ಡಪ್ಪ: ಎರಡು ಫೋಟೋ ಹಾಕಿದ್ದೇನೆ ನೋಡವ್ವ.

ನಾನು: ಸರಿಯಾಗಿ ಕಾಣುತ್ತಿದೆ. ಎಚ್‌ಇವಿಸಿ, 3840×2160, ಸೆಕೆಂಡಿಗೆ 50 ಫ್ರೇಮ್ ಅಂದರೆ 50 ಚಿತ್ರ, ಬಣ್ಣಕ್ಕೆ 10 ಬಿಟ್. ಪ್ರೊಸೆಸರ್ ಇಂಟೆಲ್ ಐ3, 3ನೇ ಜನರೇಷನ್. ಅದೇ ಕಿಟಕಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಅಂತ ಇದೆ, ಅದನ್ನು ಒತ್ತಿ. ವಿಡಿಯೋ ಭಾಗದಲ್ಲಿ "ಲಾಸ್ಟ್", ಅಂದರೆ ಕಳೆದುಹೋದ ಫ್ರೇಮ್, ಅನ್ನುವ ಸಾಲಿನಲ್ಲಿ ಎಷ್ಟಿದೆ?

ಮಂಡ್ಯ ದೊಡ್ಡಪ್ಪ: ಏರುತ್ತಲೇ ಇದೆ. ಒಂದು ನಿಮಿಷಕ್ಕೆ 1800 ದಾಟಿತು.

ನಾನು: ಇಷ್ಟೇ ವಿಷಯ. ನಿಮಿಷಕ್ಕೆ 3000 ಫ್ರೇಮ್ ಬರಬೇಕು. ಅದರಲ್ಲಿ 1800 ಬಿದ್ದುಹೋಗುತ್ತಿವೆ.

ಯಾಕೆ ಅಂತ ಹೇಳುತ್ತೇನೆ. ಎಂಪಿ4 ಅನ್ನುವುದು ಬರೀ ಡಬ್ಬಿಯ ಹೆಸರು. ಡಬ್ಬಿಯೊಳಗೆ ವಿಡಿಯೋವನ್ನು ಹೇಗೆ ಒತ್ತಿ ತುಂಬಿದ್ದಾರೆ ಅನ್ನುವುದು ಕೋಡೆಕ್. ಎಚ್‌ಇವಿಸಿ ಪ್ರತಿ ಚಿತ್ರವನ್ನೂ ಪೂರ್ತಿ ಬರೆದಿಡುವುದಿಲ್ಲ. ಅಜ್ಜಿ ಮದುಮಗಳ ಕೆನ್ನೆಗೆ ಅರಿಶಿನ ಹಚ್ಚುವ ಜಾಗ ನೋಡಿ. ಹಿಂದೆ ಚಪ್ಪರದ ತೆಂಗಿನ ಗರಿ ಇದ್ದಲ್ಲೇ ಇದೆ. ಅಲುಗಾಡುವುದು ಅಜ್ಜಿಯ ಕೈ, ಬಳೆ, ತುಟಿ. ಗರಿಯನ್ನು ಒಮ್ಮೆ ಬರೆದು, ಆಮೇಲೆ "ಹಿಂದಿನ ಹಾಗೇ" ಅಂತ ಬಿಡುತ್ತದೆ. ಕೈ ಎತ್ತ ಸರಿಯಿತು ಅನ್ನುವುದನ್ನು ಮಾತ್ರ ಬರೆಯುತ್ತದೆ. ಅದಕ್ಕೇ ಫೈಲ್ 11 ಜಿಬಿಯಲ್ಲಿ ನಿಂತಿದೆ. ಬಿಚ್ಚುವವರು ಮಾತ್ರ ಆ ಲೆಕ್ಕವನ್ನೆಲ್ಲ ಮತ್ತೆ ಮಾಡಬೇಕು. ಒಂದು ಫ್ರೇಮಿಗೆ ಸುಮಾರು 83 ಲಕ್ಷ ಚುಕ್ಕಿ. ಸೆಕೆಂಡಿಗೆ 50 ಫ್ರೇಮ್ ಅಂದರೆ 41 ಕೋಟಿ ಚುಕ್ಕಿ.

ತಮ್ಮನ ಫೋನಿನಲ್ಲಿ ಈ ಕೆಲಸಕ್ಕೆಂದೇ ಬೇರೆ ಸರ್ಕ್ಯೂಟ್ ಇದೆ. ಅದಕ್ಕೆ ಹಾರ್ಡ್‌ವೇರ್ ಡಿಕೋಡಿಂಗ್ ಅನ್ನುತ್ತಾರೆ. ಇಂಟೆಲ್‌ನಲ್ಲಿ 8 ಬಿಟ್ ಎಚ್‌ಇವಿಸಿಗೆ ಅದು ಪೂರ್ತಿಯಾಗಿ ಬಂದದ್ದು 6ನೇ ಜನರೇಷನ್‌ನಲ್ಲಿ. 10 ಬಿಟ್‌ಗೆ 7ನೆಯದರಲ್ಲಿ. ನಿಮ್ಮದು 3ನೆಯದು. ಎಚ್‌ಇವಿಸಿ ಹೊರಬಂದದ್ದೇ 2013ರಲ್ಲಿ, ನಿಮ್ಮ ಪ್ರೊಸೆಸರ್ ಅದಕ್ಕಿಂತ ಹಿಂದಿನದು. ಎಲ್ಲವನ್ನೂ ಪ್ರೊಸೆಸರ್ ಒಂದೇ ಕೂತು ಮಾಡಬೇಕು, ಕೈ ಸಾಲುವುದಿಲ್ಲ.

ಅತ್ತೆ: ದನಿ ಮಾತ್ರ ಯಾಕೆ ಸರಿಯಾಗಿ ಬರುತ್ತದೆ?

ನಾನು: ಒಳ್ಳೆಯ ಪ್ರಶ್ನೆ ಅತ್ತೆ. ದನಿ ಬಿಚ್ಚುವುದು ಸಣ್ಣ ಕೆಲಸ. ಮತ್ತೆ, ಚಿತ್ರದಲ್ಲಿ ಒಂದೆರಡು ಫ್ರೇಮ್ ಹೋದರೆ ಕಣ್ಣಿಗೆ ತಿಳಿಯುವುದಿಲ್ಲ, ದನಿ ಒಂದು ಚೂರು ಕಡಿದರೂ ಕಿವಿಗೆ ಕುಕ್ಕುತ್ತದೆ. ಅದಕ್ಕೇ ಪ್ಲೇಯರ್‌ಗಳು ದನಿಯನ್ನೇ ಗಡಿಯಾರ ಮಾಡಿಕೊಂಡು ನಡೆಯುತ್ತವೆ. ತಡವಾದ ಚಿತ್ರವನ್ನು ಬಿಸಾಕಿ ದನಿಯ ಹಿಂದೆ ಓಡುತ್ತವೆ. ಅಜ್ಜಿಯ ಬಾಯಿ ಹಿಂದೆ ಉಳಿದದ್ದು ಅದರಿಂದ.

ತಮ್ಮ: ಹಾಗಾದರೆ ಎಂಪಿಸಿ-ಎಚ್‌ಸಿ ಅನ್ನುವ ಪ್ಲೇಯರ್ ಹಾಕಿಸಿ ಅಕ್ಕ. ಇಲ್ಲವೇ ಎಂಪಿವಿ. ವಿಎಲ್‌ಸಿ ಭಾರ. ನಮ್ಮ ಹಾಸ್ಟೆಲ್‌ನಲ್ಲಿ ಅದನ್ನು ಯಾರೂ ಬಳಸುವುದಿಲ್ಲ.

ನಾನು: ನಿನ್ನ ಲ್ಯಾಪ್‌ಟಾಪ್‌ಗೆ ಆ ಮಾತು ಸರಿ ಕಣೋ. ಎಂಪಿವಿ ನನಗೂ ಇಷ್ಟ, ಬಣ್ಣವನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಒಳಗೆ ನೋಡು. ವಿಎಲ್‌ಸಿ ಬಳಸುವುದು ಎಫ್‌ಎಫ್‌ಎಂಪೆಗ್ ಅನ್ನುವ ತಂತ್ರಾಂಶದ ಡಿಕೋಡರ್, ಅಂದರೆ ವಿಡಿಯೋ ಬಿಚ್ಚುವ ಭಾಗ. ಎಂಪಿವಿಯಲ್ಲೂ ಅದೇ. ಎಂಪಿಸಿಯಲ್ಲಿ ಲಾವ್ ಫಿಲ್ಟರ್ಸ್ ಹೆಸರಿನಲ್ಲಿ ಅದೇ. ಎತ್ತು ಒಂದೇ, ಗಾಡಿ ಮಾತ್ರ ಬೇರೆ. ದೊಡ್ಡಪ್ಪನ ಐ3ಗೆ ಯಾವ ಗಾಡಿ ಕಟ್ಟಿದರೂ 41 ಕೋಟಿ ಚುಕ್ಕಿ ಎಳೆಯಲು ಆಗುವುದಿಲ್ಲ.

ಇನ್ನೊಂದು ವಿಷಯ. ಎಂಪಿವಿಯಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ತಾನಾಗಿ ಆನ್ ಇರುವುದಿಲ್ಲ. ಕಂಟ್ರೋಲ್-ಎಚ್ ಒತ್ತಿ ಆನ್ ಮಾಡಬೇಕು. ಐ ಒತ್ತಿದರೆ ಎಷ್ಟು ಫ್ರೇಮ್ ಬಿದ್ದವು ಅಂತ ತೋರಿಸುತ್ತದೆ. ನಿನ್ನ ಹಾಸ್ಟೆಲ್ ಗೆಳೆಯರು ಅದನ್ನು ನೋಡಿದ ಮೇಲೆ ಯಾವುದು ಭಾರ ಅಂತ ಹೇಳಲಿ.

ಮೈಸೂರು ಚಿಕ್ಕಪ್ಪ: ನನ್ನದೊಂದು ತೊಂದರೆ. ಟಿವಿಯಲ್ಲಿ ನೋಡೋಣ ಅಂತ ಪೆನ್‌ಡ್ರೈವ್‌ಗೆ ಹಾಕಲು ಹೋದೆ. ಫೈಲ್ ತುಂಬಾ ದೊಡ್ಡದು ಅನ್ನುತ್ತದೆ. 32 ಜಿಬಿ ಪೆನ್‌ಡ್ರೈವ್, ಖಾಲಿಯೇ ಇದೆ.

ನಾನು: ಅದು ಫ್ಯಾಟ್32 ಆಗಿರಬೇಕು ಚಿಕ್ಕಪ್ಪ, ಪೆನ್‌ಡ್ರೈವ್‌ನಲ್ಲಿ ಫೈಲ್ ಜೋಡಿಸಿಡುವ ಹಳೆಯ ಪದ್ಧತಿ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಮಾಡಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಖಾಲಿ ಇದೆಯಾ ಅಂತ ಇನ್ನೊಮ್ಮೆ ನೋಡಿ. ನಿಮ್ಮ 4ಕೆ ಟಿವಿಯೊಳಗೆ ಎಚ್‌ಇವಿಸಿ ಸರ್ಕ್ಯೂಟ್ ಇರುತ್ತದೆ, ಓಡಬೇಕು.

ದೊಡ್ಡಪ್ಪನಿಗೆ ನಾನೇ ಇನ್ನೊಂದು ಪ್ರತಿ ಮಾಡುತ್ತೇನೆ. 1080ಪಿ, ಅಂದರೆ 1920×1080 ಚುಕ್ಕಿ, ಎಚ್‌ಇವಿಸಿಗಿಂತ ಹಳೆಯ ಕೋಡೆಕ್ ಆದ ಎಚ್.264ರಲ್ಲಿ.

ಮೈಸೂರು ಚಿಕ್ಕಪ್ಪ: ಏನಮ್ಮ ಇದು! 4ಕೆ ಬೇಕು ಅಂತ ಜಾಸ್ತಿ ದುಡ್ಡು ಕೊಟ್ಟು ತೆಗೆಸಿದ್ದೇವೆ. ನೀನು ಕುಗ್ಗಿಸಿ ಕೊಡುತ್ತೀಯಾ? ಅಣ್ಣನಿಗೆ ಹೊಸ ಲ್ಯಾಪ್‌ಟಾಪ್ ತೆಗೆದುಕೊಡೋಣ, ಎಲ್ಲರೂ ಸೇರಿ.

ಮಂಡ್ಯ ದೊಡ್ಡಪ್ಪ: ನನಗೆ ಹೊಸದು ಬೇಡಪ್ಪ. ಇದು ಚೆನ್ನಾಗೇ ಇದೆ.

ನಾನು: ಚಿಕ್ಕಪ್ಪ, ದೊಡ್ಡಪ್ಪನ ಲ್ಯಾಪ್‌ಟಾಪಿನ ಪರದೆ 1366×768. ಒಟ್ಟು ಹತ್ತೂವರೆ ಲಕ್ಷ ಚುಕ್ಕಿ. 83 ಲಕ್ಷ ಬಿಚ್ಚಿದರೂ ಅಲ್ಲಿ ಕಾಣುವುದು ಹತ್ತೂವರೆ ಲಕ್ಷವೇ. ಎಂಟು ಕೊಡ ನೀರು ಸೇದಿ ಏಳು ಕೊಡ ಚೆಲ್ಲಿದ ಹಾಗೆ. 1080ಪಿಯಲ್ಲೇ ಸುಮಾರು 20 ಲಕ್ಷ ಇದೆ, ಆ ಪರದೆಗೆ ಬೇಕಾದ್ದಕ್ಕಿಂತ ಜಾಸ್ತಿ.

ದಿನಾ ಸ್ಟುಡಿಯೋದಲ್ಲಿ ನಾನು ಮಾಡುವ ಕೆಲಸ ಇದೇ. ದೊಡ್ಡ ಟಿವಿಗೆ ಒಂದು ಪ್ರತಿ, ಹಳೆಯ ಲ್ಯಾಪ್‌ಟಾಪಿಗೆ ಒಂದು ಪ್ರತಿ. ಈ ವಿಡಿಯೋದವರು ಒಂದೇ ಕೊಟ್ಟಿದ್ದಾರೆ. ನೋಡುವವರ ಮನೆಯಲ್ಲಿ ಏನಿದೆ ಅಂತ ಒಂದು ಮಾತು ಕೇಳಬಹುದಿತ್ತು.

ತಮ್ಮ: ಯಾವುದರಲ್ಲಿ ಮಾಡುತ್ತೀಯ? ನಾನೂ ಕಲಿಯುತ್ತೇನೆ.

ನಾನು: ಹ್ಯಾಂಡ್‌ಬ್ರೇಕ್ ಅನ್ನುವ ತಂತ್ರಾಂಶ. ಉಚಿತ. ಎಚ್.264 ಆರಿಸಿಕೋ, 8 ಬಿಟ್‌ನದು. 10 ಬಿಟ್ ಆರಿಸಿದರೆ ಹಳೆಯ ಹಾರ್ಡ್‌ವೇರ್ ಮತ್ತೆ ಕೈ ಎತ್ತುತ್ತದೆ. ಆರ್‌ಎಫ್ 21 ಇಡು. ಆ ಅಂಕಿ ಕಮ್ಮಿಯಾದಷ್ಟೂ ಗುಣಮಟ್ಟ ಜಾಸ್ತಿ, ಫೈಲೂ ದೊಡ್ಡದು. ದನಿಗೆ ಎಎಸಿ ಕೋಡೆಕ್.

ಫ್ರೇಮ್ ರೇಟ್ ಮಾತ್ರ ಹುಷಾರು. 50ನ್ನು 25 ಮಾಡು, 30 ಮಾಡಬೇಡ. 50ರಿಂದ 25 ಅಂದರೆ ಒಂದು ಬಿಟ್ಟು ಒಂದು ತೆಗೆದ ಹಾಗೆ, ನಡಿಗೆ ಸಮವಾಗಿರುತ್ತದೆ. 30 ಮಾಡಿದರೆ ಒಮ್ಮೆ ಒಂದು, ಒಮ್ಮೆ ಎರಡು ಹಾರುತ್ತದೆ. ಅಜ್ಜಿ ಆರತಿ ತಟ್ಟೆ ಸುತ್ತುವ ಕಡೆ ಕೈ ಕುಕ್ಕಿ ಕುಕ್ಕಿ ಹೋಗುತ್ತದೆ.

ತಮ್ಮ: ಪ್ರತಿ ಆದ ಮೇಲೆ 11 ಜಿಬಿಯದ್ದು ಅಳಿಸಲಾ? ನನ್ನ ಡ್ರೈವ್‌ನಲ್ಲಿ ಇರುವುದೇ 15 ಜಿಬಿ. ಮೇಲ್ ಬರುವುದು ನಿಂತುಹೋಗುತ್ತದೆ.

ನಾನು: ಅಳಿಸಬೇಡ! ಯಾರೂ ಅಳಿಸಬೇಡಿ, ಕೈ ಮುಗಿದು ಕೇಳುತ್ತೇನೆ. ಕುಗ್ಗಿಸಿದ್ದನ್ನು ಮತ್ತೆ ಹಿಗ್ಗಿಸಿದರೆ ಹೋದದ್ದು ಬರುವುದಿಲ್ಲ. ಸೋಬಾನೆ ಹೇಳುವವರು ನಮ್ಮ ಮನೆಯಲ್ಲಿ ಈಗ ಅಜ್ಜಿ ಒಬ್ಬರೇ. ಅತ್ತೆಗೆ ಅರ್ಧ ಬರುತ್ತದೆ, ನನಗೆ ಒಂದು ಪದವೂ ಬರುವುದಿಲ್ಲ. ನಾನು ಹಾರ್ಡ್‌ಡಿಸ್ಕಿಗೆ ಇಳಿಸಿಕೊಂಡು, ಚಿಕ್ಕಪ್ಪನ ಮನೆಯಲ್ಲೂ ಒಂದು ಪ್ರತಿ ಇಡುತ್ತೇನೆ. ಅಲ್ಲಿಯ ತನಕ ಡ್ರೈವ್‌ನಲ್ಲಿ ಇರಲಿ.

ಮೈಸೂರು ಚಿಕ್ಕಪ್ಪ: ಆಯಿತು. ಸಂಜೆ ತಂದು ಕೊಡು, ಇಲ್ಲೇ ಊಟ ಮಾಡಿಕೊಂಡು ಹೋಗು.

ನಾನು: ದೊಡ್ಡಪ್ಪ, ಪ್ರತಿ ಆಯಿತು. ಒಂದೂವರೆ ಜಿಬಿ. ಇಲ್ಲೇ ಡಾಕ್ಯುಮೆಂಟ್ ಅಂತ ಹಾಕಿದ್ದೇನೆ. ವಿಡಿಯೋ ಅಂತ ಹಾಕಿದರೆ ವಾಟ್ಸಾಪ್ ಇನ್ನೊಮ್ಮೆ ಒತ್ತಿ ಮಸುಕು ಮಾಡುತ್ತದೆ, ಡಾಕ್ಯುಮೆಂಟ್ ಆದರೆ 2 ಜಿಬಿ ತನಕ ಇದ್ದ ಹಾಗೇ ಹೋಗುತ್ತದೆ. ಇಳಿಸಿಕೊಂಡು ವಿಎಲ್‌ಸಿಯಲ್ಲೇ ಹಾಕಿ. ಬೇರೇನೂ ಇನ್‌ಸ್ಟಾಲ್ ಮಾಡುವುದು ಬೇಡ.

ಮಂಡ್ಯ ದೊಡ್ಡಪ್ಪ: ಬಂತು. ಹಾಕಿದ್ದೇನೆ. ಓಡುತ್ತಿದೆ ಕಣವ್ವ! ಲಾಸ್ಟ್ ಅನ್ನುವ ಕಡೆ ಸೊನ್ನೆ. ಬಾಯಿ, ಪದ ಎರಡೂ ಜೊತೆಗಿವೆ.

ಅತ್ತೆ: ಅವ್ವ ಏನಂದಳು?

ಮಂಡ್ಯ ದೊಡ್ಡಪ್ಪ: ಮೊದಲು ಏನೂ ಅನ್ನಲಿಲ್ಲ. ತುಟಿ ಅಲ್ಲಾಡಿಸಿಕೊಂಡು ಜೊತೆಗೇ ಹೇಳುತ್ತಾ ಕೂತಳು. ಆಮೇಲೆ ನಿಲ್ಲಿಸು ಅಂದಳು. "ನಾನು ಐದು ಪದ ಹೇಳಿದ್ದೆ, ಇದರಲ್ಲಿ ನಾಲ್ಕೇ ಇದೆ" ಅನ್ನುತ್ತಾಳೆ. ಎಣ್ಣೆ ಶಾಸ್ತ್ರದ ಪದ ಇಲ್ಲವಂತೆ.

ನಾನು: ಎಡಿಟ್ ಮಾಡುವಾಗ ತೆಗೆದಿರಬೇಕು. ಬೆಳಗ್ಗೆ ಇಡೀ ವಿಡಿಯೋ ನಿಂತು ನಿಂತು ಓಡುತ್ತಿದ್ದಾಗ ಯಾರಿಗೂ ಗೊತ್ತಾಗಲಿಲ್ಲ. ವಿಡಿಯೋದವರು ಕ್ಯಾಮೆರಾ ಕಾರ್ಡ್ ಅಳಿಸುವ ಮುಂಚೆ ಹಿಡಿಯಬೇಕು. ತಮ್ಮ, ಅವರ ನಂಬರ್ ಹಾಕು, ಈಗಲೇ ಫೋನ್ ಮಾಡುತ್ತೇನೆ.